ಬ್ಯಾಟರಿ ನೀರು

ಕುಡಿಯುವುದಕ್ಕಾದರೆ ಯಾವ ನೀರೂ ಆದೀತು,
ಹಾಡಿಗೆ ಆಗದು, ಎನ್ನುತ್ತಿದ್ದ ಸೋದರಮಾವ ಬೆದಿಯಾಕೊ.

ಕುಮಾಸಿಯ ಸುವಾಮೆಯಲ್ಲಿ, ಲಾರಿಗಳ ಕರುಳು ಬಗೆದು
ಬೀದಿಗೆ ಹರವಿಟ್ಟ ಮೆಕ್ಯಾನಿಕ್ಕುಗಳ ಸಾಲಿನಲ್ಲಿ
ಗ್ರೀಸು ಕಂಡರೆ ಬಾಗಿಲು ಮುಚ್ಚುವ ಅಂಗಡಿ ನಮ್ಮದೊಂದೇ.
ಹಳೆಯ ಹೈಲೈಫ್ ಪ್ಲೇಟುಗಳನ್ನು ತೊಳೆದು ಮಾರುವುದು.
ಡಿಸೆಂಬರಿನಲ್ಲಿ ಹರ್ಮಟಾನ್ ಬೀಸಿತೆಂದರೆ
ಮರುಭೂಮಿಯೇ ಬಂದು ಗೆರೆಗೆರೆಯಲ್ಲಿ ಕೂರುತ್ತದೆ.
ಮುಳ್ಳಿಟ್ಟರೆ ಮೊದಲು ಕೇಳುವುದು ಒಂಟೆ, ಆಮೇಲೆ ಗಿಟಾರು.

ನಲ್ಲಿಯ ನೀರಿಗೆ ಆಸ್ಪತ್ರೆಯ ವಾಸನೆ.
ಬಾವಿಯದು ಒಣಗಿದಲ್ಲಿ ಸುಣ್ಣದ ಚುಕ್ಕಿ ಬಿಟ್ಟು ಹೋಗುತ್ತದೆ,
ತಾಳ ಬಾರದವನ ಹಾಗೆ ಮುಳ್ಳು ಅಲ್ಲಿ ಎಡವುತ್ತದೆ.
ತಗಡಿನ ಮಾಡಿನಿಂದಿಳಿದ ಮಳೆಗೆ ತುಕ್ಕಿನ ಬಣ್ಣ.
ಹುಡುಗಿಯರು ತಲೆಯ ಮೇಲೆ ಹೊತ್ತು ಕೂಗುವ
ಪ್ಯೂರ್ ವಾಟರ್ ಪೊಟ್ಟಣದ ಮೂಲೆ ಕಚ್ಚಿ, ಗಾಜಿನ ಮೇಲೆ ಹನಿಸಿ, ಒಣಗಿಸಿ ನೋಡಿ,
“ಹೆಸರೇನೋ ಪ್ಯೂರು,” ಅಂದ ಮಾವ. ಉಳಿದದ್ದನ್ನು ಕುಡಿದ.
ಬ್ಯಾಂಕಿನ ಏಸಿಯ ಕೆಳಗೆ ಮೂರು ದಿನ ಬಕೆಟ್ಟಿಟ್ಟೆ.
ವಾಚ್‌ಮನ್ ಓಡಿಸಿದ.

ಕೊನೆಗೆ ಒಲಿದದ್ದು ಇದ್ರಿಸುವಿನ ಬ್ಯಾಟರಿ ನೀರು.
(ಪಕ್ಕದ ಡಬ್ಬಿ ಆಸಿಡ್ಡಿನದು, ಎರಡು ಸಲ ನೋಡಿ ತಾ.)
“ಅಷ್ಟು ದೊಡ್ಡದೇನೋ ನಿಮ್ಮ ಲಾರಿ?” ಪ್ರತಿ ಸಲವೂ ಕೇಳುತ್ತಿದ್ದ.
ರುಚಿಯೇ ಇಲ್ಲದ ನೀರು. ಬರುವಾಗ ಏನನ್ನೂ ತಾರದು,
ಹೋಗುವಾಗ ಏನನ್ನೂ ಬಿಡದು.
ಅದಕ್ಕೆ ಪಾತ್ರೆಯ ಸೋಪು ಒಂದೇ ಹನಿ,
ನಾಲ್ಕು ಪಾಲಿಗೆ ಒಂದು ಪಾಲು ಸ್ಪಿರಿಟ್ಟು.
ಸ್ಪಿರಿಟ್ಟು ಮುಗಿದ ದಿನ ಹಿತ್ತಿಲಿನ ಅಕ್ಪೆತೆಶಿ,
ತಾಳೆಹೆಂಡ ಕುದಿಸಿ ಇಳಿಸಿದ ಸಾರಾಯಿ.
ಪ್ಲಾಸ್ಟಿಕ್ ತಟ್ಟೆ ಕನ್ನಡಿಯಂತಾಯಿತು.
ಜಾಣನಾದೆ ಅಂದುಕೊಂಡೆ.

ಮಾವ ಮಲಗಿದ್ದ ಒಂದು ಮಧ್ಯಾಹ್ನ
ಮಂಚದಡಿಯ ಪೆಟ್ಟಿಗೆ ಎಳೆದೆ. ನಾಳೆ ನನಗೇ ಬರುವುದಲ್ಲ,
ನಮ್ಮಲ್ಲಿ ಮಾವನ ಆಸ್ತಿ ಅಳಿಯನಿಗೆ, ಮಗನಿಗಲ್ಲ.
ಬಟ್ಟೆಯಲ್ಲಿ ಸುತ್ತಿದ ಒಂದೇ ತಟ್ಟೆ, ದಪ್ಪ, ಭಾರ,
ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನದು.
ಅದರಲ್ಲಿ ಹಾಡುವವ ಬೇರೆ, ಗಿಟಾರಿನವ ಬೇರೆ;
ಎರಡನೇ ಚರಣದಿಂದಾಚೆಗೆ
ಚಮಚದಲ್ಲಿ ಬಾಟಲಿ ಬಡಿಯುವ ಹದಿನಾರರ ಹುಡುಗ
ಮಾವ.
ತೊಳೆದಿಟ್ಟರೆ ಖುಷಿಪಟ್ಟಾನೆಂದು ಬಟ್ಟೆ ಅದ್ದಿದೆ.

ಅದು ಪ್ಲಾಸ್ಟಿಕ್ ಅಲ್ಲ, ಅರಗು, ಎಂದು ಯಾರೂ ಹೇಳಿರಲಿಲ್ಲ.
ಎಲ್ಲಿಯದೋ ಕಾಡಿನ ಹುಳು ಕೊಂಬೆಗೆ ಮೆತ್ತಿದ ಅರಗು.
ಅರಗಿನ ಮನೆ ಸುಡಲು ಬೆಂಕಿಯಾದರೂ ಬೇಕು,
ಅರಗಿನ ತಟ್ಟೆಗೆ ಒಂದು ಚಮಚ ಸಾರಾಯಿ ಸಾಕು.
ಬಟ್ಟೆ ಕಪ್ಪಾಯಿತು. ಕೊಳೆ ಬಿಡುತ್ತಿದೆ ಅಂದುಕೊಂಡೆ,
ಇನ್ನಷ್ಟು ಉಜ್ಜಿದೆ.
ಹಾಡಿನ ಗೆರೆ ಇದ್ದಲ್ಲಿ
ನನ್ನ ಹೆಬ್ಬೆಟ್ಟಿನ ಗೆರೆ.

ಮಾವ ಎದ್ದು ಬಂದ. ಬೈಯಲಿಲ್ಲ; ಬೈದಿದ್ದರೆ ಮುಗಿಯುತ್ತಿತ್ತು.
ಬಟ್ಟೆ ಮೂಸಿದ. “ಒಳ್ಳೆಯ ಸರಕು,” ಅಂದ.
ಹಬ್ಬದ ದಿನ ಸತ್ತವರನ್ನು ಹೆಸರು ಹಿಡಿದು ಕರೆದು
ನೆಲಕ್ಕೆ ಎರೆಯುತ್ತೇವಲ್ಲ, ಇದನ್ನೇ.
ಹಾಡಿದವನೂ ಗಿಟಾರಿನವನೂ ಮಣ್ಣಿಗೆ ಹೋಗಿ ಕಾಲವಾಯಿತು.
“ಎರೆದೆಯಲ್ಲ, ಕುಡಿದರು ಬಿಡು. ಅವರ ಬಾಯಾರಿಕೆ ಹಳೆಯದು.”
ಆಮೇಲೆ ಒಂದು ವಾರ ನನ್ನೊಡನೆ ಮಾತಿಲ್ಲ.

ಈಗ ಅಂಗಡಿ ನನ್ನದು.
ಲಾರಿಯ ಪ್ರಶ್ನೆ ಇದ್ರಿಸುವಿನ ಮಗ ಕೇಳುತ್ತಾನೆ.
ತಟ್ಟೆ ಬಂದರೆ ಮೊದಲು ಅಂಚನ್ನು ಉಗುರಿನಿಂದ ತಟ್ಟುತ್ತೇನೆ,
ಠಣ್ ಅಂದರೆ ಅರಗು.
ಅದಕ್ಕೆ ಬರಿಯ ಬ್ಯಾಟರಿ ನೀರು, ಬೇಗ ಬೇಗ,
ನಡುವಿನ ಕಾಗದಕ್ಕೆ ತಾಗದಂತೆ, ಬಾಣಂತಿಯ ಕೂಸಿಗೆ ಎರೆದಂತೆ.

ಕೆಟ್ಟ ತಟ್ಟೆಯನ್ನು ಎಸೆದಿಲ್ಲ.
ಅಂಗಡಿ ಮುಚ್ಚಿದ ಮೇಲೆ ಒಂದೊಂದು ಸಲ ಮುಳ್ಳಿಡುತ್ತೇನೆ.
ಅಂಚಿನ ಅರ್ಧ ಅಂಗುಲ ನಾನು ಮುಟ್ಟಿರಲಿಲ್ಲ. ಅಲ್ಲಿ
ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ,
ಗಿಟಾರು ಎರಡು ಹೆಜ್ಜೆ ಇಡುತ್ತದೆ.
ಬಾಟಲಿ ಇನ್ನೂ ಶುರುವಾಗಿರುವುದಿಲ್ಲ.