ನಲವತ್ತೊಂದು ಎಂದು ತೋರಿಸಿತ್ತು

ಶಿವಾಜಿನಗರ ಕೋರ್ಟಿನ ಹೊರಗೆ
ಕಾಂಪೌಂಡಿಗೆ ತಾಗಿಸಿ ನನ್ನ ಮೇಜು.
ಮೇಜಿನ ಮೇಲೆ ಛತ್ರಿ, ಛತ್ರಿಯ ಮೇಲೊಂದು ಬ್ಯಾಂಕಿನ ಹೆಸರು.
ಆ ಬ್ಯಾಂಕು ಈಗಿಲ್ಲ.

ಲ್ಯಾಪ್‌ಟಾಪು ಹನ್ನೊಂದು ವರ್ಷದ್ದು.
ಟೈಪಿಂಗಿನ ಬಾಕಿಗೆ ಬದಲಾಗಿ ವಕೀಲರೊಬ್ಬರು ಕೊಟ್ಟದ್ದು.
ಅದರ ಬ್ಯಾಟರಿಗೆ ಸುಳ್ಳು ಹೇಳುವ ಚಟ:
ಎಂಬತ್ತು ಅನ್ನುತ್ತದೆ, ಅರವತ್ತು ಅನ್ನುತ್ತದೆ,
ನಲವತ್ತೊಂದು ಅನ್ನುತ್ತ ಅನ್ನುತ್ತಲೇ
ಮುಖ ಕಪ್ಪು ಮಾಡಿಕೊಂಡು ಕೂತುಬಿಡುತ್ತದೆ.
ನಡುವೆ ಮೂವತ್ತಿಲ್ಲ, ಹತ್ತಿಲ್ಲ,
ಹೋಗಿಬರ್ತೀನಿ ಎಂಬ ಒಂದು ಮಾತಿಲ್ಲ.

ತಾಪ್ಕೀರ್ ಗಲ್ಲಿಯ ಓಸವಾಲ ಅದನ್ನು ಬೋರಲು ಹಾಕಿ ನೋಡಿದ್ದ.
"ಸಾವಿರದ ಇನ್ನೂರಾ ಆರು ಸೈಕಲ್ ಆಗಿದೆ, ಮಾವಶಿ."
ನಾನು ಪುಣೆಗೆ ಬಂದಾಗ ರಸ್ತೆ ತುಂಬ ಸೈಕಲ್ಲೇ,
ಬೆಳಿಗ್ಗೆ ಖಡಕಿ ಕಾರ್ಖಾನೆಯ ಕಡೆಗೆ
ಗಂಟೆ ಬಾರಿಸುತ್ತ ಹರಿಯುವ ಹೊಳೆ.
ಅದನ್ನೇ ಹೇಳಿದೆ. ಅವನು ನಗಲಿಲ್ಲ.
ಹೊಸದಕ್ಕೆ ಮೂರು ಸಾವಿರದ ಇನ್ನೂರು,
ಡುಪ್ಲಿಕೇಟಿಗೆ ಸಾವಿರದ ನೂರು.
"ಇಲ್ಲಾ, ಇದನ್ನ ಕಿತ್ತೇ ಬಿಡಿ. ನೇರ ಕರೆಂಟಿನ ಮೇಲೂ ನಡೀತದೆ."
ಫುಟ್‌ಪಾತಿಗೆ ನೇರ ಕರೆಂಟು ಎಲ್ಲಿಂದ ತರಲಿ?
ಸಾಲಿಗೊಮ್ಮೆ ಸೇವ್ ಒತ್ತುವುದು ಕಲಿತೆ,
ಎಲೆಯಡಿಕೆಯವರು ಮಾತಿನ ನಡುವೆ ಸುಣ್ಣ ತಡಕಿಕೊಳ್ಳುವ ಹಾಗೆ.

ಮಂಗಳವಾರ ಬಂದವಳು ಸುಲಭಾ ನಿವೃತ್ತಿ ಕುದಳೆ.
ವಯಸ್ಸು ಐವತ್ತೆರಡು, ಉದ್ಯೋಗ ಪೋಳಿ-ಭಾಜಿ ಕೇಂದ್ರ,
ಉಗುರಿನ ಸಂದಿಯಲ್ಲಿ ಗೋಧಿಹಿಟ್ಟು.
ಸುಲಭಾ ಇರಲಿ, ಮಧ್ಯದ್ದು ತೆಗೀರಿ ಅಂದಳು.
ಇಲ್ಲಿ ಮದುವೆಯಾದವಳ ಹೆಸರಿನ ನಡುವೆ ಗಂಡ ಕೂತಿರುತ್ತಾನೆ,
ಮೂರು ಜನರ ಸೀಟಿನಲ್ಲಿ ನಡುವಿನವನು,
ಕಾಲು ಅಗಲಿಸಿಕೊಂಡು.
ಕಾರಣ?
"ತೀರಿಕೊಂಡರು."
ಯಾವಾಗ ಎಂದದ್ದಕ್ಕೆ ಸಿಗ್ನಲ್ಲಿನ ಕಡೆ ನೋಡಿದಳು.

ನನ್ನ ಅಕ್ಕಲಕೋಟೆಯ ಕನ್ನಡದಲ್ಲಿ ನಿವೃತ್ತಿ ಅಂದರೆ
ಹಾರ, ಶಾಲು, ಗೋಡೆ ಗಡಿಯಾರ.
ಇಲ್ಲಿ ಗಂಡಸಿನ ಹೆಸರು.
ಅದನ್ನೇ ಯೋಚಿಸುತ್ತ ಮರಾಠಿಯಲ್ಲಿ ಬಡಿಯುತ್ತ ಬಂದೆ,
ಮೇಲ್ಕಂಡ ನನ್ನ ಪತಿ ದಿವಂ

ಕಪ್ಪು.
ಮೂಲೆಯಲ್ಲಿ ನಲವತ್ತೊಂದು ಇತ್ತು. ನಾನೇ ನೋಡಿದ್ದೆ.

ಝೆರಾಕ್ಸಿನ ತುಕಾರಾಮ ವೈರು ಕೊಡಬೇಕಾದರೆ
ಅವನ ಊಟ ಮುಗಿಯಬೇಕು.
ತೆರೆಯಲ್ಲಿ ನಾವಿಬ್ಬರೇ,
ಛತ್ರಿಯ ಅಂಚು, ಹಿಂದೆ ತಿರುಗುವ ಬಸ್ಸು.
ಅವಳು ನನ್ನ ಡಬ್ಬಿಯ ಶೇಂಗಾ ಚಟ್ನಿ ಎರಡು ಬೆರಳಲ್ಲಿ ಎತ್ತಿ
"ಉಪ್ಪು ಕಮ್ಮಿ" ಅಂದಳು. ಆಮೇಲೆ, ಅದೇ ದನಿಯಲ್ಲಿ:
"ಸತ್ತಿಲ್ಲ ಅವ. ಭೋಸರಿಯಲ್ಲಿದ್ದಾನೆ.
ಎರಡನೇ ಮಾಳಿಗೆ, ಹೊರಗೆ ಅವಳ ತುಳಸಿ ಕುಂಡ. ನೋಡಿ ಬಂದೆ.
ಹೋದ ದಿನ ಬೆಳಿಗ್ಗೆ ಗ್ಯಾಸ್ ಬುಕ್ ಮಾಡಿದ್ದ.
ನೀವೇ ಹೇಳಿ,
ಬಿಟ್ಟು ಹೋಗುವವನು ಗ್ಯಾಸ್ ಬುಕ್ ಮಾಡುತ್ತಾನಾ?"

ನಾನೇನು ಹೇಳಲಿ.
ಡಬ್ಬಿಯನ್ನು ಅವಳ ಕಡೆ ಸರಿಸಿದೆ.

ವೈರು ಬಂತು. ಯಂತ್ರ ಕೆಮ್ಮಿ ಎದ್ದು ಕೇಳಿತು:
ಹಳೆಯ ಪ್ರತಿ ಸಿಕ್ಕಿದೆ, ಇಟ್ಟುಕೊಳ್ಳಲೇ, ಬಿಡಲೇ?
ಅದರಲ್ಲಿ ನಿವೃತ್ತಿ ಅರ್ಧ ಸತ್ತಿದ್ದ.
ಕೊನೆಗೆ 'ಇದೆಲ್ಲ ಸತ್ಯ' ಎಂದು ಬರೆಯಬೇಕಾಗುತ್ತದೆ, ಎಂದೆ.
ಸುಳ್ಳು ಟೈಪು ಮಾಡುವವಳಲ್ಲ ನಾನು ಎಂದೇನೂ ಹೇಳಲಿಲ್ಲ.
ಮಾಡಿದ್ದೇನೆ.
ಅವಳು ಬಾಗಿ, ತೆರೆಗೆ ಬೆರಳು ತಾಗಿಸಿ ಓದಿದಳು.
"ಅಳಿಸಿರಿ. ಬದುಕಿರಲಿ.
ನನ್ನ ಹೆಸರಲ್ಲಿ ಬೇಡ, ಅಷ್ಟೇ."
ಎರಡು ಅಕ್ಷರ ಒರೆಸಿದರೆ ಸಾಕಾಯಿತು.

ಸಂಜೆ ಲ್ಯಾಪ್‌ಟಾಪನ್ನು ಬೋರಲು ಹಾಕಿ
ಎರಡು ಚಿಲಕ ಸರಿಸಿ ಬ್ಯಾಟರಿ ಹೊರಗೆಳೆದೆ.
ಹೊಟ್ಟೆ ಉಬ್ಬಿತ್ತು. ಇನ್ನೂ ಬೆಚ್ಚಗಿತ್ತು.

ಈಗ ತುಕಾರಾಮನಿಗೆ ದಿನಕ್ಕೆ ಇಪ್ಪತ್ತು ರೂಪಾಯಿ,
ಅವನ ಅಂಗಡಿಯಿಂದ ಫುಟ್‌ಪಾತು ದಾಟಿ ಬರುವ ವೈರು.
ಮೂಲೆಯಲ್ಲಿ ಅಂಕಿ ಇಲ್ಲ.
ಯಾರಾದರೂ ಎಡವಿದರೆ ಎಲ್ಲ ಹೋಗುತ್ತದೆ,
ಅದಕ್ಕೇ ಬರುವವರಿಗೆಲ್ಲ ಮೊದಲೇ ಹೇಳುತ್ತೇನೆ:
ಕೂತುಕೊಳ್ಳಿ. ಕಾಲು ನೋಡಿ ಇಡಿ.