ಹನ್ನೊಂದ ನಿಮಿಷ

ಒಂದ ಹೊಟ್ಟಿ, ಒಂದ ರಾತ್ರಿ, ಹನ್ನೊಂದ ನಿಮಿಷ ಫರಕು.
ಮೊದಲ ಬಂದಾವ ಯಮನೂರ, ಹಿಂದ ಬಂದಾವ ಹುಲಿಗೆಪ್ಪ.
ಮೂಗು ಒಂದ, ಹುಬ್ಬು ಒಂದ,
ಎಡಗಿವಿ ಕೆಳಗಿನ ಮಚ್ಚಿ ಸೈತ ಒಂದ.
ಝುವಾರಿನಗರದ ಈ ಓಣ್ಯಾಗ ಕತ್ತಲಾದ ಮ್ಯಾಲ
ಅವರನ್ನ ಬ್ಯಾರೆ ಮಾಡಾಕಿ ನಾನೊಬ್ಬಾಕಿನ,
ಅದೂ ವಾಸನಿಲಿಂದ.

ಇಬ್ರೂ ಕೂಡೇ ಕುಡೀತಿದ್ರಂತ.
ಬಂದರದಾಗ ಕಲ್ಲಿದ್ದಲಿ ಇಳಿಸಿ, ಕರೀ ಉಗುಳು ಉಗುಳಿ,
ಬಾಯಣಾದ ಬಾರಿನಾಗ ಒಂದ ಬಾಟ್ಲಿ, ಎರಡ ಗ್ಲಾಸು.
ಏಪ್ರಿಲ್‌ದಾಗ ಉರ್ರಾಕ್ ಬಂದ್ರ ಲಿಂಬಿಹಣ್ಣು, ಉಪ್ಪು, ಹಸಿಮೆಣಸಿನಕಾಯಿ.
ಅವರಪ್ಪ ಹಂಗ ಹೋದ. ಅವರಪ್ಪನ ಅಪ್ಪ
ಹಂಗ ಹೋದನಂತ, ಊರಾಗ, ಬಾವಿಕಟ್ಟಿ ಮ್ಯಾಲ.

ಹನ್ನೊಂದ ನಿಮಿಷ ಹಿರಿಯಾ ಅಂತ
ಮೊದಲ ಯಮನೂರಗ ಹೆಣ್ಣು ನೋಡಿದ್ರು.
ಆ ಹೆಣ್ಣು ನಾ.

ಈಗ ಏಳೂವರಿಗೆ ಮನ್ಯಾಗ ಇರ್ತಾನ.
"ಮದಿವಿ ಆತು, ಸುದ್ದ ಆದ" ಅಂತಾರ ಓಣಿಯವರು,
ನಾ ಯಾವುದೋ ಬೇರು ಅರದು ಕುಡಿಸಿದಂಗ.
ನಾ ಏನೂ ಮಾಡಿಲ್ಲ.
ಬಾಗಲದಾಗ ಕುಂತು ಮೀನ ಹಸನ ಮಾಡ್ತೀನಿ. ರೊಟ್ಟಿ ಬಡೀತೀನಿ.
ಅಂವ ಬಂದು ತಂಬಿಗಿ ನೀರು ಕುಡೀತಾನ, ಮತ್ತೊಂದು, ಮತ್ತೊಂದು,
ಕೈ ನಡಗೂದು ನಿಂದ್ರೂ ತನಕ.
ನಾ ರೊಟ್ಟಿ ಸಪ್ಪಳ ಜೋರ ಮಾಡ್ತೀನಿ.

ಹುಲಿಗೆಪ್ಪಗ ಯಾರೂ ಹೆಣ್ಣು ಕೊಡವಲ್ರು.
ಕುಡೀತಾನಂತ ಕೊಡವಲ್ರು, ಕೊಡವಲ್ರಂತ ಕುಡೀತಾನ,
ಯಾವುದು ಮೊದಲು?
ಅದಕ್ಕೂ ಹನ್ನೊಂದ ನಿಮಿಷನ ಫರಕಿರಬೇಕು.
ನಡುರಾತ್ರಿ ಬಂದು ಬಾಗಲಾ ಬಡದು ನಗ್ತಾನ:
"ವೈನಿ, ಊಟ ಐತೇನ?"
ದೀಪಾ ಹಚ್ಚಿದ್ರ ನನ್ನ ಗಂಡನ ಮಾರಿ.
ಅನ್ನಾ ನೀಡೂವಾಗ ನನ್ನ ಕೈ ನಡಗತೈತಿ.

ಚಿಖಲಿ ದವಾಖಾನ್ಯಾಗ ನರ್ಸಬಾಯಿ ಕೇಳಿದ್ಲು,
ಮನಿತನದಾಗ ಸಕ್ಕರಿ? ಬಿಪಿ? ಟಿಬಿ?
ಇಲ್ಲ, ಇಲ್ಲ, ಇಲ್ಲ.
ಬರಕೊಂಡ್ಲು. ಮುಂದಿನಾಕಿನ್ನ ಕರದ್ಲು.
ಹೊಟ್ಟಿ ಒಳಗಿಂದು ಆವಾಗ ಒದೀತು.

ಬಾಣಂತನಕ್ಕ ತವರಿಗೆ ಹೋಗಬೇಕು, ಐದ ತಿಂಗಳು.
ಅವ್ವ ಫೋನಿನಾಗ ದಿನಾ ಎಣಸ್ತಾಳ.
ನಾನೂ ಎಣಸ್ತೀನಿ:
ಏಳೂವರಿ. ಬಾಗಲದಾಗ ಯಾರೂ ಇಲ್ಲ. ರೊಟ್ಟಿ ಸಪ್ಪಳಿಲ್ಲ.
ತಂಬಿಗಿ ಬೋರಲು.

ನಿನ್ನೆ ಒಗದ ಅರಿವಿ ಮ್ಯಾಲ ಮತ್ತ ಕಲ್ಲಿದ್ದಲಿ ಪುಡಿ ಕುಂತಿತ್ತು.
ಇಬ್ಬರ ಅಂಗಿ. ಝಾಡಿಸಿದೆ. ಮಡಚೂಕಿಂತ ಮೊದಲ
ಯಾವುದು ಯಾರದಂತ ಮೂಸಿ ನೋಡಿದೆ.
ಸಬಕಾರದ ವಾಸನಿ,
ಎರಡಕ್ಕೂ.