ಕಿಟ್ಟ ಹಿಡಿದ ಕಾಲುವೆ

ತಿರುಗುವುದು ಏನೂ ಇಲ್ಲ ಇದರೊಳಗೆ.
ಚಕ್ರವಿಲ್ಲ, ಅಲಗಿಲ್ಲ, ಎಣ್ಣೆ ಕೇಳುವ ಕೀಲಿಲ್ಲ.
ಒಂದು ಕಾಲುವೆ, ಅಷ್ಟೆ:
ಎರಡು ಮಾರು ಉದ್ದ, ಈಚೆ ತುದಿಗೆ ಗೇಣು ಬಾಯಿ,
ಆಚೆ ತುದಿಗೆ ಗೇಣೂವರೆ.
ಹರಿಯುವುದು ನೀರಲ್ಲ, ಉರಿದ ಕಲ್ಲಿದ್ದಲಿನ ಉಸಿರು,
ಅದರೊಳಕ್ಕೆ ಚಿಟಿಕೆ ಪೊಟ್ಯಾಸಿಯಂ ಬಿತ್ತನೆ.
ಎಡಬಲಕ್ಕೆ ಕಾಂತ.
ಉಸಿರು ಮುಂದಕ್ಕೆ, ಕಾಂತದ ಸೆಳೆತ ಅಡ್ಡಕ್ಕೆ,
ವಿದ್ಯುತ್ತು ಎರಡನ್ನೂ ಬಿಟ್ಟು ಮೇಲಕ್ಕೆ,
ಇಬ್ಬರ ಜಗಳದಿಂದ ಮೂರನೆಯವರು ಎದ್ದು ಹೋಗುವ ಹಾಗೆ.

ಬ್ಯೂಟ್, ಮೊಂಟಾನಾ. ಸೊನ್ನೆಗಿಂತ ಮೂವತ್ತು ಕೆಳಗೆ.
ತಾಮ್ರದ ಗಣಿಯ ಪಂಪು ನಿಲ್ಲಿಸಿ ಎರಡು ಚಳಿಗಾಲ.
ಊರ ಮಗ್ಗುಲಲ್ಲಿ ಆ ಹೊಂಡ ತುಂಬುತ್ತಲೇ ಇದೆ
ಯಾರ ಲೆಕ್ಕವನ್ನೂ ಕೇಳದೆ.
ನಾನು ಲೆಕ್ಕಕ್ಕೆ ಕೂತಿದ್ದೇನೆ.

ಕೊಡುತ್ತ ಹೋದದ್ದು ಸೋಲುತ್ತ ಹೋಗುತ್ತದೆ.
ಸೋತದ್ದಕ್ಕೆ ದಾರಿ ಅಗಲ ಮಾಡಿಕೊಡಬೇಕು,
ಇಲ್ಲವೋ, ನಡುದಾರಿಯಲ್ಲೇ ಉಸಿರು ಕಟ್ಟುತ್ತದೆ.
ಎಷ್ಟು ಅಗಲ? ಅಂಗುಲಕ್ಕೊಂದು ಉತ್ತರ.
ರಾತ್ರಿಯೆಲ್ಲ ಯಂತ್ರ ಕಾಗದ ಕಾರಿತು.
ನನ್ನ ಮಾದರಿಗೆ ಒಂದೇ ಆಯಾಮ:
ನಟ್ಟನಡುವೆಯೂ ಅಂಚಿನಲ್ಲೂ ಒಂದೇ ವೇಗ, ಒಂದೇ ಶಾಖ,
ಗೋಡೆ ಕನ್ನಡಿಯಷ್ಟು ನುಣುಪು.
ಸರಾಸರಿಯ ಮನೆಯಲ್ಲಿ ಯಾರೂ ಕೈ ಸುಟ್ಟುಕೊಳ್ಳುವುದಿಲ್ಲ.

ನಲವತ್ತೊಂದನೆಯ ಗಂಟೆಗೆ
ಹದಿನೇಳನೆಯ ಎಲೆಕ್ಟ್ರೋಡು ಸತ್ತಿತು.

ಆರಿದ ಮೇಲೆ ಬಿಚ್ಚಿದೆವು.
ಟ್ರೆನೆರಿ ಬೋಲ್ಟು ಕಳಚಿದ, ನಾನು ಟಾರ್ಚು ಹಿಡಿದೆ.
ಉದ್ದಕ್ಕೂ ಕಿಟ್ಟ, ಕರಿಗಾಜಿನ ಹಾಗೆ, ಅಲೆಯಲೆಯಾಗಿ.
ಹದಿನೇಳರ ಬಳಿ ಮಾತ್ರ ಬೋಳು ತಾಮ್ರ,
ಅದರ ಮೇಲೆ ಮಿಂಚು ಕಚ್ಚಿದ ಗುಳಿಗಳು, ಅಕ್ಕಿಕಾಳಿನಷ್ಟು.
ಹಿಂದಿನ ವಾರ ಅಳತೆಗೆಂದು ಅಲ್ಲಿ ಕೆರೆಸಿದವಳು ನಾನೇ.
ಕೆರೆದವನು ಅವನು, ನನ್ನ ಚೀಟಿ ನೋಡಿಕೊಂಡು.
ಆ ಮಾತು ಅವನು ಎತ್ತಲಿಲ್ಲ.
ಊಟದ ಡಬ್ಬಿ ತೆರೆದ; ಪ್ಯಾಸ್ಟಿ ಮುರಿದು ಅರ್ಧ ನನ್ನ ಕೈಗಿಟ್ಟ.
ಅವನಜ್ಜ ಕಾರ್ನ್‌ವಾಲಿನಿಂದ ಬಂದು
ಮೂರು ಸಾವಿರ ಅಡಿ ಆಳದಲ್ಲಿ ತಾಮ್ರ ಅಗೆದವನು.
"ತಾನಾಗಿ ನಿಂತ ಗೋಡೆಯನ್ನು
ಅಜ್ಜ ಕೆರೆಯುತ್ತಿರಲಿಲ್ಲ, ಐಲಿ," ಅಂದ,
ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡೇ.

ಆ ರಾತ್ರಿ ಸಮೀಕರಣಕ್ಕೆ ಕೊಳೆಯನ್ನು ಸೇರಿಸಿದೆ.
ಎರಡು ಮಿಲಿಮೀಟರ್ ಕಿಟ್ಟ:
ಬೆಂಕಿಯ ಕಡೆ ಕರಗಿ ಜಾರುವುದು,
ತಾಮ್ರದ ಕಡೆ ಹೆಪ್ಪುಗಟ್ಟಿ ಕಚ್ಚಿಕೊಳ್ಳುವುದು.
ಕಾಯುತ್ತದೆ. ಕದಿಯುತ್ತದೆ ಕೂಡ,
ನೂರರಲ್ಲಿ ಐದಾರು ಪಾಲು ಅದರ ಮೈಯೊಳಗೇ ಸೋರುತ್ತದೆ.
ಕಾವಲುಗಾರನ ಸಂಬಳ, ಎಂದು ಅಂಚಿನಲ್ಲಿ ಬರೆದೆ.
ಆಮೇಲೆ ವರದಿಗೆ ತಕ್ಕ ಪದ ಹುಡುಕಿ ಅದನ್ನು ಹೊಡೆದುಹಾಕಿದೆ.

ಏಪ್ರಿಲಿನಲ್ಲಿ ಮತ್ತೆ ಉರಿಸಿದೆವು.
ಕಿಟಕಿಗಳು ಗದಗುಟ್ಟಿದವು, ಕಾಫಿಯ ಮೇಲೆ ಉಂಗುರಗಳೆದ್ದವು.
ಮೀಟರಿನ ಮುಳ್ಳು ಏರಿತು, ನಡುಗಿತು, ನಿಂತಿತು.
ನಲವತ್ತೊಂದು ದಾಟಿತು. ಅರವತ್ತು.
ಟ್ರೆನೆರಿ ಕುರ್ಚಿಯಲ್ಲೇ ಗೊರಕೆ, ಆ ಆರ್ಭಟದಲ್ಲೂ.

ನನ್ನ ಹಳೆಯ ಗೆರೆ ಮುಳ್ಳಿಗಿಂತ ಬಹಳ ಮೇಲೆ,
ಹೊಸದು ಒಂದು ಬೆರಳು ಕೆಳಗೆ.
ಆ ಬೆರಳಗಲದಲ್ಲಿ ಏನಿದೆಯೋ,
ಅವನನ್ನು ಎಬ್ಬಿಸಿ ಕೇಳಬೇಕು.